ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಎತ್ತಿ ಆಡುತ್ತೇವೆಂದರೆ, ಆಕೆ ಹಾಗೆಂದ ಮೇಲೆ ಯಾರಾದರೂ ಬಗ್ಗಿ ನೆಲವನ್ನು ನೋಡಿದರೇ ಎಂದು ಕೇಳುವುದೇ ಇಲ್ಲ. ಆಕೆ ಹೇಳಿದ್ದು ನಿಜವೂ ಇರಬಹುದಲ್ಲ? ಕಳೆದ ಬೇಸಿಗೆಯಲ್ಲಿ ನಾನು ಬಗ್ಗಿ ನೋಡಿದೆ. ನೆಲ ಡೊಂಕಾಗಿಯೇ ಇತ್ತು. ಡೊಂಕು ಮಾಡಿದವರು ಅದರ ಮೇಲೆ ‘ಸಮತಟ್ಟು’ ಎಂಬ ಚೀಟಿ ಅಂಟಿಸಿ ಒಳ್ಳೆಯ ಬೆಲೆಗೆ ಮಾರಿದ್ದರು.

ನಾನು ಹೇಳುತ್ತಿರುವುದು ಮೀನು ಹಿಡಿಯುವ ಒಂದು ದಾರದ ವಿಷಯ. ಫ್ಲೈ ಲೈನ್ ಎಂದು ಅದರ ಹೆಸರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಜಗಳವೇ ಎಂದು ನಗುವವರಿದ್ದಾರೆ, ಗೊತ್ತು. ಆದರೆ ಡಬ್ಬಿಯ ಮೇಲೆ ಬರೆದ ಒಂದು ಅಂಕಿಯನ್ನು ನಂಬಿ, ತನ್ನ ಕೈಯನ್ನೇ ನಂಬುವುದು ಬಿಟ್ಟ ಒಬ್ಬ ಹುಡುಗನನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಈ ಜಗಳ ನನಗೆ ಸಣ್ಣದಲ್ಲ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ. ಪಕ್ಕದಲ್ಲೇ ಸ್ಪ್ರಿಂಗ್ ಕ್ರೀಕ್ ಎಂಬ ಹೊಳೆ. ಸುಣ್ಣಕಲ್ಲಿನ ಒಡಲಿನಿಂದ ಒಸರುವ ಬುಗ್ಗೆಗಳ ನೀರು, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದರ ತುಂಬ ಬ್ರೌನ್ ಟ್ರೌಟ್ ಮೀನು. ಹಿಡಿದದ್ದನ್ನು ಮನೆಗೆ ಒಯ್ಯುವಂತಿಲ್ಲ, ಮತ್ತೆ ನೀರಿಗೇ ಬಿಡಬೇಕು ಎಂಬುದು ಈ ಹೊಳೆಯ ನಿಯಮ. ಈ ಊರಿಗೆ ಇನ್ನೊಂದು ಹಿರಿಮೆಯಿದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ವೆ ಎಂಬ ಮೇಷ್ಟ್ರು 1947ರಲ್ಲೇ ಫ್ಲೈ ಫಿಶಿಂಗನ್ನು ಅಂಕ ಕೊಡುವ ಪಾಠವಾಗಿ ಕಲಿಸತೊಡಗಿದರು. ಅಪ್ಪ ಅಜ್ಜಂದಿರಿಂದ ಮಾತ್ರ ಬರಬಹುದಾಗಿದ್ದ ಒಂದು ವಿದ್ಯೆಯನ್ನು ತರಗತಿಗೆ ತಂದು, ಯಾರು ಬೇಕಾದರೂ ಬಂದು ಕಲಿಯಿರಿ ಎಂದ ಊರು ಇದು.

ಇಂಥ ಊರಿಗೆ ಶಿವಮೊಗ್ಗದ ಕಡೆಯಿಂದ ಒಬ್ಬ ಹುಡುಗ ಓದಲು ಬಂದ. ಚಿಕ್ಕಂದಿನಲ್ಲಿ ತುಂಗೆಯ ದಡದಲ್ಲಿ ಬಿದಿರು ಕೋಲು, ನೈಲಾನ್ ದಾರ, ಎರೆಹುಳ ಹಿಡಿದು ಕೂತವನು. ಇಲ್ಲಿ ಹೊಳೆಯ ಮಧ್ಯೆ ನಿಂತು ಗಾಳಿಯಲ್ಲಿ ದಾರ ತೇಲಿಸುವವರನ್ನು ಕಂಡು ಅವನಿಗೆ ಆಸೆ ಹುಟ್ಟಿತು. ಯಾರೋ ಮನೆ ಖಾಲಿ ಮಾಡುವಾಗ ಅಂಗಳದಲ್ಲಿಟ್ಟು ಮಾರುತ್ತಿದ್ದ ಹಳೆಯ ಕೋಲೊಂದನ್ನು ಅಗ್ಗಕ್ಕೆ ಕೊಂಡ. ಹಿಡಿಯ ಮೇಲ್ಗಡೆ ‘5’ ಎಂದು ಬರೆದಿತ್ತು. 5 ನಂಬರಿನ ಕೋಲಿಗೆ 5 ನಂಬರಿನ ದಾರ ಬೇಕು ಎಂದು ಓದಿ ತಿಳಿದುಕೊಂಡ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ದುಡ್ಡಿನಲ್ಲಿ ಹೊಸ ದಾರ ತರಿಸಿದ. ಡಬ್ಬಿಯ ಮೇಲೂ ದೊಡ್ಡದಾಗಿ ‘5’ ಇತ್ತು. ಇದಕ್ಕಿಂತ ಹೆಚ್ಚಿನ ಎಚ್ಚರವನ್ನು ಹೊಸಬನೊಬ್ಬ ವಹಿಸಲು ಸಾಧ್ಯವೇ?

ಒಂದು ತಿಂಗಳು ಸಂಜೆ ಸಂಜೆ ಮೈದಾನದ ಹುಲ್ಲಿನ ಮೇಲೆ ಬೀಸಿದ. ಇಪ್ಪತ್ತು ಅಡಿ ದೂರಕ್ಕೆ ದಾರ ಹೋಗಿ ಬೀಳುತ್ತಿತ್ತು. ನಲವತ್ತಕ್ಕೆ ಪ್ರಯತ್ನಿಸಿದರೆ ಕೋಲು ಬೆಂದ ಶಾವಿಗೆಯ ಹಾಗೆ ಜೋತುಬಿದ್ದು, ದಾರ ಅವನ ಹೆಗಲ ಮೇಲೋ ಟೋಪಿಯ ಮೇಲೋ ಬಂದು ಕೂರುತ್ತಿತ್ತು. ನನ್ನ ಹತ್ತಿರ ಬಂದವನು ಕೋಲನ್ನು ಕೊಡಲಿಕ್ಕೇ ಬಂದಿದ್ದ. “ನನ್ನ ಕೈಯೇ ಸರಿಯಿಲ್ಲ ಬಿಡಿ ಸರ್. ಇದೆಲ್ಲ ಇಲ್ಲಿಯವರಿಗೆ ಹುಟ್ಟಿನಿಂದ ಬಂದಿರೋದು. ನಮ್ಮಂಥವರದ್ದಲ್ಲ” ಎಂದ.

ಈ ಕೊನೆಯ ಮಾತು ನನಗೆ ನಾಟಿತು. ದಾರದ ತಕರಾರು ಅದರಿಂದ ಶುರುವಾಯಿತು.

ಮುಂದಿನದು ತಿಳಿಯಬೇಕಾದರೆ ಫ್ಲೈ ಫಿಶಿಂಗ್ ನಮ್ಮ ಗಾಳಕ್ಕಿಂತ ಹೇಗೆ ಬೇರೆ ಎಂದು ನೋಡಬೇಕು. ನಮ್ಮ ಗಾಳದಲ್ಲಿ ತೂಕ ಇರುವುದು ದಾರದ ತುದಿಯಲ್ಲಿ. ಸೀಸದ ಗುಂಡೋ ಎರೆಹುಳ ಸಿಕ್ಕಿಸಿದ ಕೊಕ್ಕೆಯೋ ಹಾರಿ ಹೋಗುತ್ತದೆ, ತನ್ನ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ತುದಿಯಲ್ಲಿರುವುದು ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ನೊಣ. ಅದಕ್ಕೆ ತೂಕವೆಂಬುದೇ ಇಲ್ಲ ಎನ್ನಬಹುದು. ಎಷ್ಟೇ ಜೋರಾಗಿ ಎಸೆದರೂ ಅದು ಮೂರು ಅಡಿ ಆಚೆ ಬೀಳುವುದಿಲ್ಲ. ಆದ್ದರಿಂದ ಇಲ್ಲಿ ದಾರವೇ ತೂಕ. ದಪ್ಪನೆಯ, ಹೊರಗೆ ಪ್ಲಾಸ್ಟಿಕ್ ಲೇಪ ಹೊದ್ದ ದಾರವನ್ನು ಹಿಂದಕ್ಕೆ ಬೀಸಿ, ಅದು ಹಿಂದೆ ನೆಟ್ಟಗೆ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು, ಮತ್ತೆ ಮುಂದಕ್ಕೆ ಬೀಸಬೇಕು. ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ, ಬಾಗಿದ ಕೋಲು ನೆಟ್ಟಗಾಗುವಾಗ ದಾರವನ್ನು ಚಿಮ್ಮುತ್ತದೆ. ದಾರ ಗಾಳಿಯಲ್ಲಿ ಮಲಗಿಸಿದ ‘ಯು’ ಅಕ್ಷರದ ಹಾಗೆ ಮಡಿಚಿಕೊಂಡು ಉರುಳುತ್ತ ಹೋಗಿ, ಕೊನೆಯಲ್ಲಿ ನೊಣವನ್ನು ನೀರಿನ ಮೇಲೆ ಇಳಿಸುತ್ತದೆ.

ಅಂದರೆ ಇಡೀ ವಿದ್ಯೆ ನಿಂತಿರುವುದು ಕೋಲಿನ ಬಿಗುವಿಗೂ ದಾರದ ಭಾರಕ್ಕೂ ಇರುವ ಹೊಂದಾಣಿಕೆಯ ಮೇಲೆ. ದಾರ ಹಗುರವಾದರೆ ಕೋಲು ಬಾಗುವುದಿಲ್ಲ. ಭಾರವಾದರೆ ಬಾಗಿದ ಕೋಲು ಬೇಗ ಎದ್ದು ನಿಲ್ಲುವುದಿಲ್ಲ. ಈ ಹೊಂದಾಣಿಕೆಯನ್ನು ಸಾಮಾನ್ಯ ಮನುಷ್ಯನಿಗೆ ತಿಳಿಸಲಿಕ್ಕೆಂದೇ ಆ ಅಂಕಿ ಹುಟ್ಟಿದ್ದು.

ಅದು ಹುಟ್ಟಿದ ಕತೆಯೂ ಕೇಳುವಂಥದ್ದು. ಬಹಳ ಹಿಂದೆ ಈ ದಾರಗಳನ್ನು ಕುದುರೆ ಬಾಲದ ಕೂದಲಿನಿಂದ ಹೆಣೆಯುತ್ತಿದ್ದರು. ಆಮೇಲೆ ರೇಷ್ಮೆ ಬಂತು. ರೇಷ್ಮೆಯ ದಾರವನ್ನು ದಿನವೂ ಬಿಚ್ಚಿ ಒಣಗಿಸಿ, ತೇಲಲೆಂದು ಜಿಡ್ಡು ಸವರಬೇಕಿತ್ತು. ಆಗ ದಾರವನ್ನು ಗುರುತಿಸುತ್ತಿದ್ದುದು ಅಕ್ಷರಗಳಿಂದ. ಒಂದೊಂದು ಅಕ್ಷರ ಒಂದೊಂದು ದಪ್ಪವನ್ನು ಸೂಚಿಸುತ್ತಿತ್ತು. ‘ಎ’ ಎಂದರೆ ಇಂಚಿನ ಸಾವಿರದಲ್ಲಿ 60 ಪಾಲು, ‘ಡಿ’ ಎಂದರೆ 45, ‘ಎಚ್’ ಎಂದರೆ 25. ಎರಡೂ ತುದಿ ಸಣ್ಣಗಿದ್ದು ನಡು ದಪ್ಪವಾಗಿರುವ ದಾರಕ್ಕೆ ‘ಎಚ್‌ಡಿಎಚ್’ ಎಂದು ಹೆಸರು. ಎಲ್ಲವೂ ರೇಷ್ಮೆಯೇ ಆಗಿದ್ದಾಗ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆಯೇ. ನೈಲಾನ್ ಬಂದು, ಅದರ ಮೇಲೆ ಪ್ಲಾಸ್ಟಿಕ್ ಲೇಪ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ದಪ್ಪ ಒಂದೇ, ತೂಕ ಬೇರೆ ಬೇರೆ. ಯಾವ ಕೋಲಿಗೆ ಯಾವ ದಾರ ಎಂಬುದು ಯಾರಿಗೂ ತಿಳಿಯದಾಯಿತು.

ಆಗ, 1960ರ ಆಸುಪಾಸಿನಲ್ಲಿ, ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ ಒಂದು ಒಪ್ಪಂದಕ್ಕೆ ಬಂತು. ದಾರದ ಮೊದಲ 30 ಅಡಿಯನ್ನು ತೂಗುವುದು, ಆ ತೂಕಕ್ಕೆ ಒಂದು ಅಂಕಿ ಕೊಡುವುದು. ತೂಕ ಗ್ರೇನ್ ಲೆಕ್ಕದಲ್ಲಿ. 4 ನಂಬರ್ ಎಂದರೆ 120 ಗ್ರೇನ್, 5 ಎಂದರೆ 140, 6 ಎಂದರೆ 160, 8 ಎಂದರೆ 210. ಯಂತ್ರದಲ್ಲಿ ತಯಾರಾಗುವ ವಸ್ತುವಿನಲ್ಲಿ ತುಸು ಆಚೀಚೆ ಆಗುತ್ತದೆಂದು ಅದಕ್ಕೂ ಅವಕಾಶ ಕೊಟ್ಟರು. 5 ನಂಬರಿನ ದಾರ 134ರಿಂದ 146 ಗ್ರೇನ್‌ವರೆಗೆ ಇರಬಹುದು. ಅದಕ್ಕಿಂತ ಹೆಚ್ಚಾದರೆ ಅದು 5 ಅಲ್ಲ.

ಗ್ರೇನ್ ಎಂದರೆ ಕಾಳು. ಬಾರ್ಲಿ ಕಾಳಿನ ತೂಕದಿಂದ ಹುಟ್ಟಿದ ಅಳತೆ. ನಮಗೆ ಇದು ಅಪರಿಚಿತವಲ್ಲ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರು, ಒಂದು ಗ್ರೇನ್ ಸುಮಾರು ಅರ್ಧ ಗುಲಗಂಜಿ. ಬ್ರಿಟಿಷರು ತೊಲದ ತೂಕವನ್ನು ಗಟ್ಟಿ ಮಾಡಿದಾಗ ಅದನ್ನು 180 ಗ್ರೇನ್ ಎಂದೇ ನಿಗದಿ ಮಾಡಿದ್ದರು. ಹಾಗಾಗಿ 5 ನಂಬರಿನ ದಾರದ ಮೊದಲ 30 ಅಡಿ ಒಂದು ತೊಲಕ್ಕಿಂತ 40 ಗ್ರೇನ್ ಕಡಿಮೆ ತೂಗಬೇಕು ಎಂದು ಅಜ್ಜಿಯ ಕಾಲದ ಭಾಷೆಯಲ್ಲೂ ಹೇಳಬಹುದು.

ಹುಡುಗನ ದಾರವನ್ನು ನಾವು ತೂಗಿದೆವು. ದೊಡ್ಡ ಪ್ರಯೋಗವೇನಲ್ಲ. ಅಂಗಳದಲ್ಲಿ ದಾರ ಹಾಸಿ, ಶುರುವಿನ ಒಂದೇ ಸಮನೆ ಸಪೂರವಾಗಿರುವ ಚೂರನ್ನು ಬಿಟ್ಟು, ಅಲ್ಲಿಂದ 30 ಅಡಿಗೆ ಪೆನ್ನಿನಲ್ಲಿ ಗುರುತು ಹಾಕಿದೆವು. ಅಷ್ಟನ್ನು ಸುರುಳಿ ಸುತ್ತಿ, ನಾನು ಕಾಫಿ ಪುಡಿ ತೂಗುವ ಪುಟ್ಟ ತಕ್ಕಡಿಯ ಮೇಲಿಟ್ಟು, ಮಿಕ್ಕದ್ದು ಭಾರ ಹಾಕದಂತೆ ಪಕ್ಕದಲ್ಲಿ ಅಷ್ಟೇ ಎತ್ತರದ ಡಬ್ಬಿಯ ಮೇಲಿಟ್ಟೆವು. 10.4 ಗ್ರಾಂ. ಒಂದು ಗ್ರಾಮಿಗೆ 15.43 ಗ್ರೇನ್. ಗುಣಿಸಿದರೆ 160. ಡಬ್ಬಿಯ ಮೇಲೆ 5, ತಕ್ಕಡಿಯ ಮೇಲೆ 6.

“ಇನ್ನೊಂದು ಸಲ ಇಡಿ ಸರ್” ಎಂದ. ಇಟ್ಟೆವು. ಮತ್ತೆ ಅದೇ.

ಆಮೇಲೆ ನನ್ನ ಪೆಟ್ಟಿಗೆಯಲ್ಲಿದ್ದ ಹಳೆಯ ದಾರವೊಂದನ್ನು ತೂಗಿದೆ. 9.1 ಗ್ರಾಂ, ಹೆಚ್ಚುಕಡಿಮೆ 140 ಗ್ರೇನ್, ನೇರ 5. ಅದನ್ನು ಅವನ ಕೋಲಿಗೆ ಹಾಕಿ ಕೊಟ್ಟೆ. ಅವನ ಕೈಯಲ್ಲಿ ತಪ್ಪೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಮಣಿಕಟ್ಟು ಮುರಿಯುತ್ತಿದ್ದ, ಹಿಂದಿನ ಬೀಸಿಗೆ ತಡೆಯುವಷ್ಟು ತಾಳ್ಮೆ ಇರಲಿಲ್ಲ. ಆದರೆ ಆ ತಪ್ಪುಗಳನ್ನು ಇಟ್ಟುಕೊಂಡೇ ಅವತ್ತು ಸಂಜೆ ನಲವತ್ತು ಅಡಿ ಬೀಸಿದ. ಹಳೆಯ ಮೆತ್ತನೆಯ ಕೋಲು, ತನಗಾಗಿ ಮಾಡಿದ ಭಾರ ಸಿಕ್ಕ ಕೂಡಲೇ, ಎದ್ದು ನಿಂತಿತು. ತನ್ನ ತಪ್ಪು ಯಾವುದು, ದಾರದ ತಪ್ಪು ಯಾವುದು ಎಂದು ಅವನಿಗೆ ಬೇರ್ಪಡಿಸಿ ನೋಡಲು ಸಾಧ್ಯವಾದದ್ದೇ ಆವತ್ತು. ಕಲಿಕೆ ಎಂದರೆ ಇನ್ನೇನು?

ಇದು ಯಾವುದೋ ಒಂದು ಡಬ್ಬಿಯಲ್ಲಿ ಆದ ಅಚಾತುರ್ಯವಾಗಿದ್ದರೆ ಬರೆಯುತ್ತಿರಲಿಲ್ಲ. ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ದಾರಗಳು ತಮ್ಮ ಅಂಕಿಗಿಂತ ಅರ್ಧ ಅಥವಾ ಒಂದು ಮೆಟ್ಟಿಲು ಭಾರವಾಗಿವೆ. ಗುಟ್ಟಾಗಿಯೇನೂ ಅಲ್ಲ. ‘ಅರ್ಧ ನಂಬರ್ ಭಾರ’ ಎಂಬುದನ್ನೇ ಗುಣವೆಂದು ಜಾಹೀರಾತಿನಲ್ಲಿ ಹೇಳಿಕೊಳ್ಳುವುದುಂಟು. ಇನ್ನೊಂದು ಕಡೆ, ‘ನಮ್ಮ ಈ ದಾರ ಅಂಕಿಗೆ ನಿಷ್ಠವಾದದ್ದು’ ಎಂದು ವಿಶೇಷವಾಗಿ ಹೊಗಳಿಕೊಳ್ಳುವ ದಾರಗಳೂ ಇವೆ. ಸ್ವಲ್ಪ ಯೋಚಿಸಿ. ಹಾಲಿನ ಅಂಗಡಿಯವನು ‘ನಮ್ಮಲ್ಲಿ ಒಂದು ಲೀಟರ್ ಅಂದರೆ ಒಂದು ಲೀಟರೇ ಇರುತ್ತದೆ’ ಎಂದು ಬೋರ್ಡು ಹಾಕಿದರೆ ಆ ಬೀದಿಯ ಮಿಕ್ಕ ಅಂಗಡಿಗಳ ಬಗ್ಗೆ ಏನು ತಿಳಿಯಬೇಕು?

ತೂಕದಲ್ಲಿ ಮೋಸ ಎಂದರೆ ನಮಗೆ ಕಡಿಮೆ ಕೊಡುವುದು ಎಂದಷ್ಟೇ ಗೊತ್ತು. ಸೇರಿನ ತಳ ಒತ್ತಿಸಿಕೊಂಡವನು, ತಕ್ಕಡಿಯ ತಟ್ಟೆಗೆ ಹುಣಸೆಹಣ್ಣು ಮೆತ್ತಿದವನು ನಮ್ಮ ಕತೆಗಳಲ್ಲಿ ಬರುತ್ತಾರೆ. ಇಲ್ಲಿ ಕೊಟ್ಟದ್ದು ಹೆಚ್ಚು. 20 ಗ್ರೇನ್ ಹೆಚ್ಚು, ಹತ್ತು ಹನ್ನೊಂದು ಗುಲಗಂಜಿಯಷ್ಟು. ಚಿನ್ನದಂಗಡಿಯಲ್ಲಿ ಅಷ್ಟು ಹೆಚ್ಚು ಕೊಟ್ಟರೆ ಕೈ ಮುಗಿದು ಬರುತ್ತೇವೆ. ಆದರೆ ಔಷಧಿಯಂಗಡಿಯಲ್ಲಿ ಕೊಟ್ಟರೆ? ಹೊಂದಿಕೆಯೇ ಮುಖ್ಯವಾದ ಕಡೆ ಹೆಚ್ಚೂ ಮೋಸವೇ.

ಈ ಮಾತಿಗೆ ಎದುರು ಮಾತುಗಳಿವೆ. ಬಲ್ಲವರೇ ಹೇಳುವ ಮಾತುಗಳಾದ್ದರಿಂದ ಒಂದೊಂದಾಗಿ ನೋಡೋಣ.

ಮೊದಲನೆಯದು, ಇಂದಿನ ಕೋಲುಗಳು ಹಿಂದಿನವಕ್ಕಿಂತ ಗಡುಸು, ಅವು ಬಾಗಬೇಕಾದರೆ ಭಾರದ ದಾರವೇ ಬೇಕು ಎಂಬುದು. ನಿಜ. ಬಿದಿರು ಹೋಗಿ ಗಾಜಿನ ನಾರು ಬಂತು, ಅದೂ ಹೋಗಿ ಗ್ರಾಫೈಟ್ ಬಂತು, ಕೋಲು ಹಗುರವಾದಂತೆ ಬಿಗಿಯೂ ಆಯಿತು. ಆದರೆ ದಾರಕ್ಕಾದರೂ 30 ಅಡಿಯ ತೂಕ ಎಂಬ ಒಪ್ಪಂದವಿದೆ, ಕೋಲಿನ ಅಂಕಿಗೆ ಅಂಥ ಯಾವ ಒಪ್ಪಂದವೂ ಇಲ್ಲ. ಮಾಡಿದವನು 5 ಎಂದರೆ 5. ಸುಮಾರು ಇಪ್ಪತ್ತು ವರ್ಷದ ಹಿಂದೆ ವಿಲಿಯಂ ಹ್ಯಾನೆಮನ್ ಎಂಬವರು ಇದನ್ನು ಬಯಲಿಗೆಳೆಯಲು ಒಂದು ಚಂದದ ಉಪಾಯ ಮಾಡಿದರು. ಕೋಲನ್ನು ಅಡ್ಡಲಾಗಿ ಕಟ್ಟಿ, ತುದಿಗೆ ಒಂದು ಚೀಲ ನೇತುಹಾಕಿ, ಅದಕ್ಕೆ ಅಮೆರಿಕದ ಒಂದು ಸೆಂಟಿನ ನಾಣ್ಯಗಳನ್ನು ಒಂದೊಂದಾಗಿ ಹಾಕುವುದು. ಕೋಲಿನ ತುದಿ ಅದರ ಉದ್ದದ ಮೂರನೇ ಒಂದು ಪಾಲಿನಷ್ಟು ಕೆಳಗೆ ಬಾಗಿದಾಗ ನಾಣ್ಯ ಎಣಿಸುವುದು. 1982ರ ನಂತರದ ಸೆಂಟ್ ನಾಣ್ಯ ಒಂದೊಂದೂ 2.5 ಗ್ರಾಂ. ಎಣಿಕೆಯಿಂದ ಕೋಲಿನ ನಿಜವಾದ ಅಂಕಿ ಎಷ್ಟೆಂದು ಹೇಳಬಹುದು. ಎಲ್ಲರ ಜೇಬಿನಲ್ಲಿರುವ ನಾಣ್ಯವೇ ಅಳತೆಗೋಲಾಯಿತು. ಹೀಗೆ ಎಣಿಸಿದವರಿಗೆ, ತಮ್ಮ ಮೇಲೆ ಬರೆದ ಅಂಕಿಗಿಂತ ಗಡುಸಾದ ಕೋಲುಗಳು ಬೇಕಾದಷ್ಟು ಸಿಕ್ಕಿದವು. ಅಂದರೆ 6 ಆಗಬೇಕಾದ ಕೋಲಿಗೆ 5 ಎಂದು ಬರೆದರು, ಅದಕ್ಕೆ ಹೊಂದಲೆಂದು 6 ಆಗಬೇಕಾದ ದಾರಕ್ಕೂ 5 ಎಂದು ಬರೆದರು. ಎರಡು ಸುಳ್ಳು ಕೂಡಿ ಒಂದು ನಿಜವಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದೇನೋ. ಆದರೆ ಹುಡುಗ ಕೊಂಡ ಹಳೆಯ ಕೋಲು ಸುಳ್ಳು ಹೇಳುತ್ತಿರಲಿಲ್ಲ. ನಿಜ ಹೇಳುವ ಕೋಲಿಗೆ ಸುಳ್ಳು ಹೇಳುವ ದಾರ ಕಟ್ಟಿದಾಗ ಶಿಕ್ಷೆ ಅನುಭವಿಸಿದ್ದು ಅವನ ಕೈ.

ಎರಡನೆಯದು, ಭಾರದ ದಾರ ಹೊಸಬರಿಗೆ ಒಳ್ಳೆಯದು ಎಂಬುದು. ಇದರಲ್ಲೂ ಅರ್ಧ ಸತ್ಯವಿದೆ. ಹೊಸಬ ಹೊರಗೆ ಬಿಡುವ ದಾರ ಕಡಿಮೆ, ಇಪ್ಪತ್ತು ಅಡಿಯಷ್ಟು. ಅಷ್ಟು ಚಿಕ್ಕ ದಾರದಲ್ಲೇ ಕೋಲು ಬಾಗುವುದು ಕೈಗೆ ತಿಳಿಯಬೇಕಾದರೆ ದಾರ ತುಸು ಭಾರವಿದ್ದರೆ ಅನುಕೂಲ. ಅದಕ್ಕೇ ಹಳಬರು ‘ಕೋಲು 5 ಇದ್ದರೆ 6ರ ದಾರ ಹಾಕಿಕೋ’ ಎಂದು ಹೊಸಬರಿಗೆ ಬುದ್ಧಿ ಹೇಳುತ್ತ ಬಂದಿದ್ದಾರೆ. ಒಳ್ಳೆಯ ಬುದ್ಧಿಯೇ. ಆದರೆ ಡಬ್ಬಿಯ ಮೇಲೆ 6 ಎಂದಿರುವುದು ಒಳಗೆ 7 ಆಗಿದ್ದರೆ? ಹಳಬರ ಮಾತು ಕೇಳಿದವನು ಒಂದು ಮೆಟ್ಟಿಲು ಹತ್ತಿದೆನೆಂದುಕೊಂಡು ಎರಡು ಹತ್ತಿರುತ್ತಾನೆ. ಅಂಕಿ ಕೆಟ್ಟರೆ ಆ ಅಂಕಿಯ ಮೇಲೆ ಕಟ್ಟಿದ ಅನುಭವದ ಮಾತುಗಳೂ ಕೆಡುತ್ತವೆ. ಹಳೆಯ ಪುಸ್ತಕ, ಹಳೆಯ ಗುರು, ಹಳೆಯ ಕೋಲು ಎಲ್ಲವೂ ಒಮ್ಮೆಗೇ ತಪ್ಪು ಹೇಳತೊಡಗುತ್ತವೆ. ಭಾರ ಒಳ್ಳೆಯದಾದರೆ ‘6 ಕೊಳ್ಳಿ’ ಎಂದು ಹೇಳಿ ಮಾರಲಿ. ಹೇಳದೆ ಕುಡಿಸಿದ ಔಷಧಿಗೆ ಉಪಕಾರ ಎನ್ನಲಾರೆ.

ಜೊತೆಗೆ ಆ ಅನುಕೂಲ ಎಲ್ಲಿಯವರೆಗೆ? ಸ್ಪ್ರಿಂಗ್ ಕ್ರೀಕಿನ ತಿಳಿನೀರಿನ ಮಡುಗಳಲ್ಲಿ ಮೀನಿಗೆ ಮನುಷ್ಯನ ನೆರಳು ಬಿದ್ದರೆ ಸಾಕು, ಕಲ್ಲಿನಡಿ ಸೇರುತ್ತದೆ. ದೂರ ನಿಂತೇ ಬೀಸಬೇಕು, ದಾರ ಸದ್ದಿಲ್ಲದೆ ಇಳಿಯಬೇಕು. ಭಾರದ ದಾರ ನೀರಿಗೆ ಬಡಿಯುತ್ತದೆ. ಇಪ್ಪತ್ತು ಅಡಿಯಲ್ಲಿ ಬೆನ್ನು ತಟ್ಟಿದ ದಾರವೇ ನಲವತ್ತರಲ್ಲಿ ಕಾಲೆಳೆಯುತ್ತದೆ. ಹೊಸಬ ಹೊಸಬನಾಗಿಯೇ ಉಳಿಯುವುದಾದರೆ ಮಾತ್ರ ಅದು ಅವನಿಗೆ ಒಳ್ಳೆಯದು.

ಮೂರನೆಯದು, 30 ಅಡಿಯ ಒಪ್ಪಂದವೇ ಹಳತಾಯಿತು ಎಂಬುದು. ಈಗಿನ ದಾರಗಳಲ್ಲಿ ಭಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ. ಮೊದಲ 30 ಅಡಿಯ ತೂಕವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ. ಎರಡು ಕೈಯಲ್ಲಿ ಬೀಸುವ ಉದ್ದ ಕೋಲಿನ ದಾರಗಳಿಗೆ ಬೇರೆಯೇ ಕೋಷ್ಟಕ ಮಾಡಿಕೊಂಡಿದ್ದಾರೆ, ಅದು ಸರಿಯಾದ ದಾರಿ. ಒಪ್ಪಂದ ಹಳತಾದರೆ ಎಲ್ಲರೂ ಕೂತು ಹೊಸದು ಮಾಡಬೇಕು. ಹಳೆಯ ಅಂಕಿಯ ಹೆಸರನ್ನು ಉಳಿಸಿಕೊಂಡು ಒಳಗಿನದನ್ನು ಒಬ್ಬೊಬ್ಬರು ಒಂದೊಂದು ರೀತಿ ಬದಲಾಯಿಸುವುದನ್ನು ಸುಧಾರಣೆ ಎನ್ನುವುದಿಲ್ಲ.

ನಾಲ್ಕನೆಯದು, ನಿಜವಾದ ಗ್ರೇನ್ ತೂಕವನ್ನು ಡಬ್ಬಿಯ ಹಿಂದೆ ಬರೆದಿರುತ್ತಾರಲ್ಲ ಎಂಬುದು. ಕೆಲವರು ಬರೆಯುತ್ತಾರೆ. ಬರೆಯುವವರಿಗೆ ನನ್ನ ನಮಸ್ಕಾರ. ಆದರೆ ಮುಂದೆ ಬೆರಳುದ್ದದ 5, ಹಿಂದೆ ಇರುವೆ ಅಕ್ಷರದಲ್ಲಿ 160. ಆ 160 ಎಂದರೆ 6 ಎಂದು ತಿಳಿಯಬೇಕಾದರೆ ಕೋಷ್ಟಕ ಬಾಯಿಪಾಠ ಇರಬೇಕು. ಕೋಷ್ಟಕ ಗೊತ್ತಿದ್ದವನಿಗೆ ಡಬ್ಬಿಯ ಸಹಾಯ ಬೇಕಿಲ್ಲ. ಬೇಕಿದ್ದವನಿಗೆ ಅದು ಸಿಗುವುದಿಲ್ಲ.

ನನ್ನ ವಾದದ ತಿರುಳು ಇಲ್ಲಿದೆ. ಅಂಕಿ ಯಾರಿಗಾಗಿ ಇರುವುದು? ಅಜ್ಜನ ಕೈ ಹಿಡಿದು ಹೊಳೆಗೆ ಹೋದ ಹುಡುಗನಿಗೆ ಅಂಕಿ ಬೇಡ. ‘ಈ ಕೋಲಿಗೆ ಆ ದಾರ ಹಾಕು’ ಎಂದು ಅಜ್ಜ ಹೇಳುತ್ತಾನೆ. ಅಂಗಡಿಯವನ ಪರಿಚಯವಿದ್ದವನಿಗೂ ಬೇಡ. ನಾಲ್ಕು ದಾರ ಕೊಂಡು, ಹಿಡಿಸದ ಮೂರನ್ನು ಮೂಲೆಗೆಸೆಯುವಷ್ಟು ದುಡ್ಡಿದ್ದವನಿಗಂತೂ ಬೇಡವೇ ಬೇಡ. ಒಳ್ಳೆಯ ದಾರದ ಬೆಲೆ ಇಂದು ನೂರು ಡಾಲರ್ ದಾಟುತ್ತದೆ. ಅಂಕಿ ಇರುವುದು ಕೇಳಲು ಯಾರೂ ಇಲ್ಲದವನಿಗಾಗಿ. ಸಾರ್ವಜನಿಕ ಅಳತೆ ಎಂದರೆ ಅಪರಿಚಿತನಿಗೆ ಕೊಟ್ಟ ಮಾತು. ‘ನಿನಗೆ ಇಲ್ಲಿ ಯಾರೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಇದನ್ನು ನಂಬು’ ಎನ್ನುವ ಮಾತು. ಅದನ್ನು ಮುರಿದಾಗ ಬಲ್ಲವರಿಗೆ ಏನೂ ನಷ್ಟವಾಗುವುದಿಲ್ಲ. ಅವರು ತಮ್ಮತಮ್ಮಲ್ಲೇ ‘ಆ ಕಂಪನಿಯ 5 ಅಂದರೆ ನಿಜಕ್ಕೂ 6, ಗೊತ್ತಲ್ಲ’ ಎಂದು ಕಣ್ಣು ಮಿಟುಕಿಸುತ್ತಾರೆ. ಒಳಗಿನವರ ಗುಟ್ಟು ಹೆಚ್ಚಿದಷ್ಟೂ ಹೊರಗಿನವನಿಗೆ ಬಾಗಿಲು ಕಿರಿದಾಗುತ್ತದೆ. ‘ಇದು ನಮ್ಮಂಥವರದ್ದಲ್ಲ’ ಎಂಬ ಮಾತು ಹುಡುಗನ ಬಾಯಿಗೆ ಬಂದದ್ದು ಯಾರೋ ಅವಮಾನಿಸಿದ್ದರಿಂದಲ್ಲ. ಹೊಳೆಯಲ್ಲಿ ಅವನನ್ನು ಎಲ್ಲರೂ ನಗುನಗುತ್ತಲೇ ಮಾತಾಡಿಸಿದ್ದರು. ಒಂದು ತಿಂಗಳ ಸೋಲಿಗೆ ಅವನಿಗೆ ಬೇರೆ ವಿವರಣೆ ಇರಲಿಲ್ಲ, ಅಷ್ಟೇ. ಡಬ್ಬಿ ಸುಳ್ಳು ಹೇಳೀತು ಎಂದು ಅವನಿಗೆ ಹೊಳೆಯಲಿಲ್ಲ. ಹಾಗಾಗಿ ತನ್ನ ಕೈ, ತನ್ನ ಊರು, ತನ್ನ ಹುಟ್ಟು ಎಂದು ಹುಡುಕಿಕೊಂಡು ಹೋದ.

ತಮಾಷೆಯೆಂದರೆ ಅವನು ಹಿಡಿಯಲು ಹೊರಟ ಮೀನೇ ಇಲ್ಲಿಯದಲ್ಲ. ಬ್ರೌನ್ ಟ್ರೌಟ್ ಯುರೋಪಿನ ಮೀನು. 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಮೊಟ್ಟೆಗಳಾಗಿ ಅಮೆರಿಕಕ್ಕೆ ಬಂದದ್ದು. ಇಂದು ಅದು ಇಲ್ಲೇ ನೆಲೆಯೂರಿದೆ.

ಇಷ್ಟು ಹೇಳಿ ತಯಾರಕರನ್ನು ಮಾತ್ರ ಬೈದರೆ ಅದೂ ಅರ್ಧ ಸತ್ಯವೇ. ಅಂಕಿ ಹೀಗೆ ಉಬ್ಬಿದ್ದರಲ್ಲಿ ನಮ್ಮ ಪಾಲೂ ಇದೆ. ಕೊಳ್ಳುವ ಮುಂಚೆ ನಾವು ದಾರವನ್ನು ಪರೀಕ್ಷಿಸುವುದು ಹೊಳೆಯಲ್ಲಲ್ಲ, ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗದಲ್ಲಿ. ನಾಲ್ಕು ಸಲ ಬೀಸುತ್ತೇವೆ, ಅದೂ ಇಪ್ಪತ್ತು ಮೂವತ್ತು ಅಡಿ. ಅಷ್ಟು ದೂರದಲ್ಲಿ ಭಾರದ ದಾರ ಯಾವಾಗಲೂ ಹಗುರದ ದಾರಕ್ಕಿಂತ ಹಿತವೆನಿಸುತ್ತದೆ. ‘ಆಹಾ, ತಾನೇ ಹಾರುತ್ತದೆ’ ಎಂದು ಅದನ್ನೇ ಕೊಳ್ಳುತ್ತೇವೆ. ಅಂಕಿಗೆ ನಿಷ್ಠವಾದ ದಾರ ಕಪಾಟಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಅವನೂ ನಾಲ್ಕು ಗ್ರೇನ್ ಸೇರಿಸುತ್ತಾನೆ. ಹೀಗೆ ಯಾರೂ ದೊಡ್ಡ ಸುಳ್ಳು ಹೇಳದೆಯೇ ಎಲ್ಲರೂ ಸೇರಿ ಒಂದು ದೊಡ್ಡ ಸುಳ್ಳಿನೊಳಗೆ ಬಂದು ಕೂತಿದ್ದೇವೆ. ಪರೀಕ್ಷೆಯ ಅಂಕಗಳು ಉಬ್ಬಿದ್ದು ಹೀಗೆಯೇ. ಪುಸ್ತಕದ ಬೆನ್ನುಡಿಗಳಲ್ಲಿ ಪ್ರತಿ ಮೊದಲ ಸಂಕಲನವೂ ಮೈಲಿಗಲ್ಲಾದದ್ದು ಹೀಗೆಯೇ. ಮೆಚ್ಚಿಸುವ ಅಳತೆ ಮೊದಲು ಎಲ್ಲರಿಗೂ ಹಿತವಾಗಿರುತ್ತದೆ. ಸ್ವಲ್ಪ ಕಾಲದ ಮೇಲೆ ಅದರಿಂದ ಏನನ್ನೂ ಅಳೆಯಲಾಗುವುದಿಲ್ಲ.

ಇದೊಂದು ಹವ್ಯಾಸ, ಹಿಡಿದ ಮೀನನ್ನೂ ಬಿಟ್ಟುಬಿಡುವ ಆಟ, ಇದರಲ್ಲಿ ಇಷ್ಟೇಕೆ ಗಂಭೀರ ಎಂದು ಗೆಳೆಯರೊಬ್ಬರು ಕೇಳಿದರು. ಆಟವಾದದ್ದರಿಂದಲೇ. ಆಟದಲ್ಲಿ ಮನುಷ್ಯ ತಾನಾಗಿ ಬಂದು ಸೋಲಲು ಒಪ್ಪಿಕೊಳ್ಳುತ್ತಾನೆ. ಸೋಲು ತನ್ನದೇ ಎಂಬ ನಂಬಿಕೆಯಿದ್ದರೆ ಅದರಿಂದ ಕಲಿಯುತ್ತಾನೆ. ಸೋಲನ್ನೂ ಗೆಲುವನ್ನೂ ಬೇರೆ ಯಾರೋ ಮೊದಲೇ ಡಬ್ಬಿಯೊಳಗೆ ಸುತ್ತಿಟ್ಟಿದ್ದರೆ ಅವನ ಸೋಲು ಅವನದಲ್ಲ, ಗೆಲುವೂ ಅವನದಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮುಖಪುಟದಲ್ಲಿ ಅಂಕಿ ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡದಾಗಿ ಮೊದಲ 30 ಅಡಿಯ ತೂಕವನ್ನೂ ಬರೆಯಲಿ. ಒಪ್ಪಂದದ ಮಿತಿಯೊಳಗೆ ಇದ್ದರೆ ಮಾತ್ರ 5 ಎನ್ನಲಿ, ದಾಟಿದರೆ ಐದೂವರೆ ಎನ್ನಲಿ. ಐದೂವರೆ ಎಂದರೆ ಯಾರ ಮಾನವೂ ಹೋಗುವುದಿಲ್ಲ. ಕೋಲಿಗೂ ಅಂಥದೊಂದು ಅಳತೆ ಒಪ್ಪಿಕೊಳ್ಳಲಿ, ನಾಣ್ಯ ಎಣಿಸಿಯಾದರೂ ಸರಿ. ಅದು ಆಗುವವರೆಗೆ ಹೊಸ ದಾರ ತಂದವರು ಅದನ್ನು ಹೊಳೆಗೆ ಒಯ್ಯುವ ಮುಂಚೆ ತಕ್ಕಡಿಗೆ ಒಯ್ಯಿರಿ. ಅಂಗಳದಲ್ಲಿ ಕಾಲು ಗಂಟೆಯ ಕೆಲಸ. ಹೊಸಬರಿಗೆ ಬುದ್ಧಿ ಹೇಳುವ ಹಳಬರೂ ಮಣಿಕಟ್ಟು ನೋಡುವ ಮುಂಚೆ ದಾರ ನೋಡಿ.

ಹುಡುಗ ಆ ಹೊಸ ದಾರವನ್ನು ಎಸೆಯಲಿಲ್ಲ. ದುಡ್ಡು ಕೊಟ್ಟು ತಂದದ್ದು, ಯಾಕೆ ಎಸೆಯಬೇಕು? ರೀಲಿನ ಮೇಲೆ ಒಂದು ಚೂರು ಬಿಳಿ ಟೇಪು ಅಂಟಿಸಿ, ಅದರ ಮೇಲೆ ಕಪ್ಪು ಪೆನ್ನಿನಲ್ಲಿ ‘6’ ಎಂದು ಬರೆದ. ಕೆಳಗೆ ಸಣ್ಣದಾಗಿ ‘10.4 ಗ್ರಾಂ’ ಎಂದು ಕನ್ನಡದಲ್ಲೇ ಸೇರಿಸಿದ. ಮುಂದೆ ಯಾವಾಗಲಾದರೂ 6ರ ಕೋಲು ಸಿಕ್ಕರೆ ಬೇಕಾಗುತ್ತದೆ ಸರ್ ಎಂದ. ನನ್ನ ಹಳೆಯ 5ನ್ನು ಇನ್ನೂ ವಾಪಸು ಕೊಟ್ಟಿಲ್ಲ. ನಾನೂ ಕೇಳಿಲ್ಲ.